ತೋಟಿಮಾಳದ ಸ್ಕೂಲಿನ ಹಿಸ್ಟರಿ ಮಿಸ್ಸು

ಹೊಂಗೆಕೊಪ್ಪಲಿನಲ್ಲಿ ಜಯಲಕ್ಷ್ಮಮ್ಮನವರನ್ನು ಕಂಡರೆ ಆಗದವರು ಯಾರು ಯಾರು ಎಂದು ಎಣಿಸಲು ಕೂತರೆ ಹೊತ್ತು ಮುಳುಗುತ್ತದೆ. ಆಗುವವರು ಯಾರು ಎಂದು ಕೇಳಿ, ಬೇಗ ಮುಗಿಯುತ್ತದೆ. ಬಸ್ ನಿಲ್ಲುವ ಜಾಗದ ಟೀ ಅಂಗಡಿಯವನಿಗೆ ಆಗುವುದಿಲ್ಲ. ಅವನ ಮಗನನ್ನು ವಾರಪೂರ್ತಿ ಕ್ಲಾಸಿನ ಹೊರಗೆ ಕಿಟಕಿಯ ಹತ್ತಿರ ನಿಲ್ಲಿಸಿದ್ದರು. ಬಿಸಿಯೂಟದ ಅಡುಗೆಯವರಿಗೆ ಆಗುವುದಿಲ್ಲ. ಸಾರು ನೀರಾಗಿದೆ ಎಂದು ಮಕ್ಕಳ ಎದುರಿಗೇ ಹೇಳಿದ್ದರು. ಹೆಡ್‌ಮಾಸ್ಟರ್ ಶಿವಶಂಕರ್ ಅವರಿಗಂತೂ ಮಿಸ್ಸಿನ ಕೆಮ್ಮು ಕೇಳಿದರೂ ಮೈ ಉರಿಯುತ್ತಿತ್ತು. ಜಯಲಕ್ಷ್ಮಮ್ಮನವರಿಗೂ ಈ ಊರೆಂದರೆ ಅಷ್ಟಕ್ಕಷ್ಟೆ. ಹುಟ್ಟಿದ್ದು ಬೆಳಗೊಳದಲ್ಲಿ, ಮನೆ ಮಾಡಿಕೊಂಡಿದ್ದು ಶ್ರೀರಂಗಪಟ್ಟಣದಲ್ಲಿ. ಬೆಳಿಗ್ಗೆ ಪಾಂಡವಪುರಕ್ಕೆ ಒಂದು ಬಸ್ಸು, ಅಲ್ಲಿಂದ ಚಿನಕುರಳಿಯ ಕಡೆಗೆ ಇನ್ನೊಂದು ಬಸ್ಸು, ಕ್ವಾರಿಯ ದೂಳು ಕುಡಿದುಕೊಂಡು ಬರುವುದು, ಸಂಜೆ ಅದೇ ದೂಳು ಕುಡಿದುಕೊಂಡು ಹೋಗುವುದು. ಮಂಡಿನೋವು ಬೇರೆ. ಈ ಊರಿನವರು ಕೊಟ್ಟ ಮಜ್ಜಿಗೆಯನ್ನೂ ಅವರು ಕುಡಿದವರಲ್ಲ.

ಅವರು ಸಮಾಜ ವಿಜ್ಞಾನದ ಟೀಚರು. ಅದರಲ್ಲಿ ಭೂಗೋಳವಿದೆ, ಪೌರನೀತಿಯಿದೆ, ಇನ್ನೂ ಏನೇನೋ ಇದೆ. ಅವನ್ನೆಲ್ಲ ಅವರು ಸಂಬಳಕ್ಕೆ ಪಾಠ ಮಾಡುತ್ತಿದ್ದರು. ಹಟಕ್ಕೆ ಬಿದ್ದು ಪಾಠ ಮಾಡುತ್ತಿದ್ದುದು ಒಂದೇ, ಒಂಬತ್ತನೇ ಕ್ಲಾಸಿನ ಪ್ರಪಂಚದ ಇತಿಹಾಸ. ಫ್ರಾನ್ಸಿನ ಕ್ರಾಂತಿ, ಇಂಗ್ಲೆಂಡಿನ ಮಿಲ್ಲುಗಳು, ಇಟಲಿ ಜರ್ಮನಿಗಳು ಒಂದಾದದ್ದು. ಹತ್ತನೇ ಕ್ಲಾಸಿಗೆ ಪಬ್ಲಿಕ್ ಪರೀಕ್ಷೆಯ ಭೂತವಿದೆ, ಅಲ್ಲಿ ಯಾರೂ ಏನೂ ಕಲಿಯುವುದಿಲ್ಲ, ಬರೀ ಉರು ಹೊಡೆಯುತ್ತಾರೆ. ಕಲಿಯುವುದಿದ್ದರೆ ಒಂಬತ್ತರಲ್ಲೇ ಎನ್ನುವುದು ಅವರ ವಾದ. ರಿಟೈರ್ ಆಗಲು ಇನ್ನೊಂದೇ ವರ್ಷವಿತ್ತು. ಆ ವರ್ಷದ ಒಂಬತ್ತನೇ ಕ್ಲಾಸನ್ನು ಕೊನೆಯ ಪಾಠದವರೆಗೆ ತಾವೇ ಮುಗಿಸಿ, ತಲೆಯೆತ್ತಿಕೊಂಡು ಆಚೆ ಹೋಗಬೇಕು ಎನ್ನುವುದೊಂದೇ ಆಸೆ. ಸನ್ಮಾನ, ಶಾಲು, ಹಾರ ಯಾವುದೂ ಬೇಕಿರಲಿಲ್ಲ. ಕೊಡುವವರೂ ಇರಲಿಲ್ಲ ಬಿಡಿ.

ಜೂನ್‌ನಲ್ಲಿ ಸ್ಕೂಲು ಶುರುವಾದ ಮೊದಲನೇ ದಿನ ಅವರು ಪುಸ್ತಕ ತೆಗೆಸುತ್ತಿರಲಿಲ್ಲ. ಕ್ಲಾಸಿನ ಕಟ್ಟುಪಾಡು ಹೇಳುತ್ತಿದ್ದರು. ತಾವು ಸೀಮೆಸುಣ್ಣ ಎತ್ತಿಕೊಂಡ ಮೇಲೆ ಯಾರು ಬಂದರೂ ಬಾಗಿಲು ದಾಟುವ ಹಾಗಿಲ್ಲ, ಮಕ್ಕಳಿರಲಿ, ಮಂತ್ರಿಯೇ ಇರಲಿ. ಹೊರಗೆ ಕಿಟಕಿಯ ಹತ್ತಿರ ನಿಂತು ಕೇಳಿಸಿಕೊಳ್ಳಬೇಕು, ಮಾರನೇ ದಿನ ಏನು ಕೇಳಿಸಿಕೊಂಡೆ ಎಂದು ಕ್ಲಾಸಿಗೆ ಹೇಳಬೇಕು. ಗೈಡುಗಳು ಚಪ್ಪಲಿಯ ಜೊತೆ ಜಗಲಿಯಲ್ಲೇ ಇರಬೇಕು. ಗೋಡೆಯ ಮೇಲಿನ ಪ್ರಪಂಚದ ಭೂಪಟಕ್ಕೆ ವಯಸ್ಸಾಗಿತ್ತು, ಅದರಲ್ಲಿ ಸೋವಿಯತ್ ಒಕ್ಕೂಟ ಇನ್ನೂ ಗಟ್ಟಿಯಾಗಿ ಉಳಿದುಕೊಂಡಿತ್ತು. ಯಾವ ದೇಶದ ಮಾತೆತ್ತಿದರೂ ಮೊದಲು ಎದ್ದು ಹೋಗಿ ಅದರ ಮೇಲೆ ಬೆರಳಿಡಬೇಕು, ಬೆರಳಿಡದೆ ಬಾಯಿ ಬಿಡುವ ಹಾಗಿಲ್ಲ. ಪ್ರತಿ ಸೋಮವಾರ ಕೂರುವ ಜಾಗ ಬದಲಾಗುತ್ತದೆ, ಹಾಜರಿಯ ನಂಬರಿನ ಮೇಲೆ. ಒಂದೇ ಬೀದಿಯವರು ಒಂದೇ ಬೆಂಚಿನಲ್ಲಿ ಅಂಟಿಕೊಂಡು ಕೂರುವುದು ಅವರಿಗೆ ಆಗುತ್ತಿರಲಿಲ್ಲ. ಇದಕ್ಕೆ ಮೊದಲ ವರ್ಷ ಒಂದಷ್ಟು ತಾಯಂದಿರು ಬಂದು ಗಲಾಟೆ ಮಾಡಿದ್ದರು, ಮಿಸ್ಸು ಅವರನ್ನೂ ಕಿಟಕಿಯ ಹತ್ತಿರ ನಿಲ್ಲಿಸಿದ್ದರು.

ಎಲ್ಲಕ್ಕಿಂತ ದೊಡ್ಡ ಕಟ್ಟುಪಾಡು ಇನ್ನೊಂದಿತ್ತು. ಕ್ಲಾಸಿನಲ್ಲಿ ಯಾರೇ ಎದ್ದು ಏನೇ ಹೇಳಲಿ, ಮಿಕ್ಕವರಲ್ಲಿ ಯಾರು ಬೇಕಾದರೂ ‘ನಿನಗೆ ಹೇಗೆ ಗೊತ್ತು’ ಎಂದು ಕೇಳಬಹುದು. ಹೇಳಿದವರು ಉತ್ತರ ಕೊಡಬೇಕು. ಪುಸ್ತಕದಲ್ಲಿದೆ ಎಂದರೆ ಬರೆದವರಿಗೆ ಹೇಗೆ ಗೊತ್ತು ಎಂದು ಯೋಚಿಸಬೇಕು. ಯಾರೋ ಹೇಳಿದರು ಎಂದರೆ ಅವರು ಯಾರು, ಅವರು ಅಲ್ಲಿದ್ದರಾ ಎಂದು ಹೇಳಬೇಕು. ‘ಗೊತ್ತಿಲ್ಲ’ ಎಂದರೆ ತಪ್ಪಿಲ್ಲ, ಹಾಗೆಂದು ಕೂತುಬಿಡಬಹುದು. ‘ಎಲ್ಲರೂ ಹೇಳ್ತಾರೆ’ ಎಂದು ಮಾತ್ರ ಹೇಳುವಂತಿಲ್ಲ. ಉತ್ತರ ಕೊಡುವವರೆಗೆ ಕೂರುವಂತಿಲ್ಲ. ಮೊದಮೊದಲು ಮಕ್ಕಳು ಇದನ್ನು ಆಟ ಮಾಡಿಕೊಂಡರು. ಆಮೇಲೆ ಅದು ಮೈಗೆ ಹತ್ತಿತು. ಮನೆಗೆ ಹೋಗಿ ಅಪ್ಪಂದಿರನ್ನು ಕೇಳತೊಡಗಿದಾಗ ಊರು ಹಲ್ಲು ಕಡಿಯಿತು.

ಆ ವರ್ಷ, ಫ್ರಾನ್ಸಿಗೆ ಹೋಗುವ ಮುಂಚೆ ಒಂದು ಕೆಲಸ ಕೊಟ್ಟರು. ನಿಮ್ಮೂರಿನಲ್ಲೇ ಇರುವ ಒಂದು ಕಟ್ಟಡವನ್ನೋ ಕೆರೆಯನ್ನೋ ಹಿಡಿದುಕೊಳ್ಳಿ, ಅದು ಹೇಗೆ ಬಂತು ಎಂದು ಕೇಳಿಕೊಂಡು ಬನ್ನಿ, ಅದನ್ನು ಕಣ್ಣಾರೆ ಕಂಡವರನ್ನೇ ಕೇಳಬೇಕು ಎಂದರು. ಒಬ್ಬ ಹಾಲಿನ ಡೈರಿ ಹಿಡಿದುಕೊಂಡ, ಒಬ್ಬಳು ನೀರಿನ ಟ್ಯಾಂಕು. ರಮ್ಯ ಎನ್ನುವ ಹುಡುಗಿ ಸ್ಕೂಲನ್ನೇ ಹಿಡಿದುಕೊಂಡಳು. ಅವಳು ಚಿಕ್ಕಸ್ವಾಮಿಯ ಮಗಳು. ಚಿಕ್ಕಸ್ವಾಮಿ ಊರಿನ ದೊಡ್ಡ ಮನೆಯವನು, ಸ್ಕೂಲಿನ ಅಭಿವೃದ್ಧಿ ಸಮಿತಿಯ ಅಧ್ಯಕ್ಷ, ಗೇಟಿನ ಪಕ್ಕದ ಕಲ್ಲಿನ ಮೇಲೆ ‘ಶಾಲೆಗೆ ಭೂದಾನ ಮಾಡಿದ ಮಹಾದಾನಿ’ ಎಂದು ಕೆತ್ತಿಸಿಕೊಂಡಿರುವ ಪಟೇಲ್ ಚನ್ನೇಗೌಡನ ಮೊಮ್ಮಗ. ಪ್ರತಿ ವರ್ಷ ಆಗಸ್ಟ್ ಹದಿನೈದಕ್ಕೆ ಧ್ವಜ ಹಾರಿಸುವುದಕ್ಕೂ ಮೊದಲು ಆ ಕಲ್ಲಿಗೆ ಹೂವಿನ ಹಾರ ಬೀಳುತ್ತಿತ್ತು. ಇಂಥ ಮನೆಯ ಮಗು ಸ್ಕೂಲಿನ ಕತೆಯನ್ನು ಆರಿಸಿಕೊಂಡದ್ದರಲ್ಲಿ ಆಶ್ಚರ್ಯವೇನಿದೆ?

ರಮ್ಯ ತನ್ನ ಅಜ್ಜಿ ಚಿಕ್ಕಬೋರಮ್ಮನನ್ನು ಕೇಳಿದಳು. ಅಜ್ಜಿಗೆ ಮಾವನ ಮೇಲೆ ಇವತ್ತಿಗೂ ಹೆಮ್ಮೆ. ಮೊಮ್ಮಗಳು ಇತಿಹಾಸ ಕೇಳಲು ಬಂದಿದ್ದಾಳೆಂದು ಖುಷಿಯಾಗಿ, ಎಲೆಯಡಿಕೆ ಹಾಕಿಕೊಂಡು, ಏನನ್ನೂ ಬಚ್ಚಿಡದೆ ಹೇಳಿದಳು. ಮಾರನೇ ದಿನ ರಮ್ಯ ಕ್ಲಾಸಿನಲ್ಲಿ ಎದ್ದು ನಿಂತು ಅದನ್ನು ಅಜ್ಜಿಯ ಮಾತಿನಲ್ಲೇ ಒಪ್ಪಿಸಿದಳು. ಊರಿಗೆ ಹೈಸ್ಕೂಲು ಬೇಕಾದರೆ ಜಾಗ ಕೊಡಿ ಎಂದು ಸರ್ಕಾರದವರು ಹೇಳಿದರಂತೆ. ಮುತ್ತಾತನ ಹತ್ತಿರ ನಾಲೆಯ ಕೆಳಗಿನ ಗದ್ದೆಗಳಿದ್ದವು, ಅದರಲ್ಲಿ ಒಂದು ಅಂಗೈಯಗಲ ಬಿಡಲೂ ಮನಸ್ಸಿಲ್ಲ. ಆಗ ಊರಿನ ತೋಟಿ ಸಿದ್ದಯ್ಯನನ್ನು ಜಗಲಿಯ ಕೆಳಗೆ ಕರೆಸಿದನಂತೆ. ಈಗ ಸ್ಕೂಲಿರುವ ಜಾಗ ಊರ ಚಾಕರಿಗೆಂದು ಅವನ ಹಿರೀಕರಿಗೆ ಹಿಂದೆ ಬಿಟ್ಟಿದ್ದ ಹೊಲ, ಅದಕ್ಕೇ ತೋಟಿಮಾಳ ಎಂದು ಹೆಸರು. ಊರಿಗೆ ಒಳ್ಳೆಯದಾಗುತ್ತದೆ, ಒತ್ತು ಎಂದು ಹೆಬ್ಬೆಟ್ಟು ಒತ್ತಿಸಿಕೊಂಡು, ಒಂದು ಚೀಲ ರಾಗಿ ಕೊಟ್ಟು ಕಳಿಸಿ, ಕಲ್ಲಿನ ಮೇಲೆ ತನ್ನ ಹೆಸರು ಕೆತ್ತಿಸಿದನಂತೆ. ನಮ್ಮ ಮಾವ ಎಂಥ ಬುದ್ಧಿವಂತ, ಒಂದು ಗುಂಟೆ ಕಳೆದುಕೊಳ್ಳದೆ ಊರಿಗೆ ಸ್ಕೂಲು ತಂದ ಎಂದು ಅಜ್ಜಿ ಹೊಗಳಿದ್ದಳು. ರಮ್ಯ ಆ ಹೊಗಳಿಕೆಯನ್ನೂ ಬಿಡದೆ ಒಪ್ಪಿಸಿದಳು.

ಎರಡನೇ ಬೆಂಚಿನಲ್ಲಿ ಧನುಶ್ರೀ ಕೂತಿದ್ದಳು. ಆ ಸಿದ್ದಯ್ಯನ ಮೊಮ್ಮಗ ದ್ಯಾವಯ್ಯನ ಮಗಳು. ದಿನಾ ‘ತೋಟಿಮಾಳದ ಸ್ಕೂಲಿಗೆ ಹೋಗ್ತೀನಿ’ ಎಂದು ಊರಿನ ಅಷ್ಟೂ ಮಕ್ಕಳು ಹೇಳುತ್ತಿದ್ದರು, ಗೇಟಿನಲ್ಲಿ ಆ ಕಲ್ಲನ್ನು ದಾಟಿಕೊಂಡೇ ಒಳಗೆ ಬರುತ್ತಿದ್ದರು, ಎರಡನ್ನೂ ಒಟ್ಟಿಗೆ ಇಟ್ಟು ನೋಡಿದವರು ಯಾರೂ ಇರಲಿಲ್ಲ. ಇಪ್ಪತ್ತು ವರ್ಷದಿಂದ ಆ ಗೇಟು ದಾಟುತ್ತಿದ್ದ ಜಯಲಕ್ಷ್ಮಮ್ಮನವರೂ ನೋಡಿರಲಿಲ್ಲ, ಅದಕ್ಕೆ ಅವರಿಗೆ ತಮ್ಮ ಮೇಲೇ ಸಿಟ್ಟು ಬಂತು. ಆದರೂ ಕಟ್ಟುಪಾಡಿನಂತೆ ನಿನಗೆ ಹೇಗೆ ಗೊತ್ತು ಎಂದು ಕೇಳಿದರು. ಅಜ್ಜಿ ಹೇಳಿದ್ದು ಎಂದಳು. ಅಜ್ಜಿ ಅಲ್ಲಿದ್ದರಾ ಎಂದು ಕೇಳಿದರು. ಆಗತಾನೇ ಮದುವೆಯಾಗಿ ಬಂದಿದ್ದರಂತೆ, ಬಾಗಿಲ ಸಂದಿಯಲ್ಲಿ ನಿಂತು ನೋಡಿದರಂತೆ ಎಂದಳು. ಸರಿ, ಕೂತ್ಕೋ ಎಂದರು. ಅಷ್ಟೇ. ಅದರ ಮೇಲೆ ಒಂದು ಮಾತೂ ಸೇರಿಸಲಿಲ್ಲ. ಸೇರಿಸಲಿಲ್ಲ ಎನ್ನುವುದೇ ಆಮೇಲೆ ಅವರ ಕೆಲಸಕ್ಕೆ ಉಳಿದ ಒಂದೇ ಆಧಾರವಾಯಿತು.

ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಸುದ್ದಿ ಊರು ಸುತ್ತಿತು. ಮಾರನೇ ದಿನ ಫ್ರಾನ್ಸಿನಲ್ಲಿ ತೆರಿಗೆ ಯಾರು ಕಟ್ಟುತ್ತಿದ್ದರು, ಯಾರು ಕಟ್ಟುತ್ತಿರಲಿಲ್ಲ ಎಂದು ಪಾಠ ನಡೆಯುವಾಗ ಚಿಕ್ಕಸ್ವಾಮಿ ಚಪ್ಪಲಿ ಕಾಲಿನಲ್ಲೇ ಕ್ಲಾಸಿಗೆ ನುಗ್ಗಿದ. ಜಯಲಕ್ಷ್ಮಮ್ಮನವರು ಕೈಯಲ್ಲಿದ್ದ ಸೀಮೆಸುಣ್ಣವನ್ನು ಕೆಳಗಿಡಲಿಲ್ಲ. ಪಾಠ ನಡೀತಾ ಇದೆ, ಹೊರಗೆ ನಿಲ್ಲಿ, ಬೆಲ್ ಆದ ಮೇಲೆ ಮಾತಾಡೋಣ ಎಂದರು. ಹೊರಗೆ ನಿಲ್ಲಿ ಎನ್ನುವ ಮಾತನ್ನು ಚಿಕ್ಕಸ್ವಾಮಿ ಹುಟ್ಟಿದ ಮೇಲೆ ಆ ಊರಿನಲ್ಲಿ ಕೇಳಿರಲಿಲ್ಲ.

“ಯಾರ್ನ ಮೇಡಮ್ನೋರೇ ಆಚೆ ನಿಂತ್ಕೊ ಅಂತಿರಾದು? ನಮ್ಮ ತಾತ ಕೊಟ್ಟ ಜಾಗ ಇದು.”

ಆಗ ಬಾಯಿ ಮುಚ್ಚಿಕೊಂಡಿದ್ದರೆ ಎಲ್ಲವೂ ಅಷ್ಟಕ್ಕೇ ನಿಲ್ಲುತ್ತಿತ್ತೋ ಏನೋ. ಬಾಯಿ ಮುಚ್ಚಿಕೊಳ್ಳುವುದು ಅವರ ಜಾತಕದಲ್ಲೇ ಇರಲಿಲ್ಲ.

“ನಿಮಗೆ ಹೇಗೆ ಗೊತ್ತು?” ಎಂದರು.

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಚಿಕ್ಕಸ್ವಾಮಿಯ ಮುಖ ಕಪ್ಪಿಟ್ಟಿತು. ಅವನು ಮಿಸ್ಸನ್ನು ನೋಡಲಿಲ್ಲ, ನಗುತ್ತಿದ್ದವರನ್ನೂ ನೋಡಲಿಲ್ಲ, ಸೀದಾ ಮಗಳನ್ನು ನೋಡಿದ. ರಮ್ಯ ತಲೆ ತಗ್ಗಿಸಿದಳು. ಜಯಲಕ್ಷ್ಮಮ್ಮನವರಿಗೆ ಆ ನೋಟ ಕಂಡಿತು. ಆದರೆ ಗೆದ್ದ ಮಾತಿನ ಬಿಸಿ ಇನ್ನೂ ನಾಲಗೆಯ ಮೇಲಿತ್ತು, ಅವರು ಬೋರ್ಡಿನ ಕಡೆಗೆ ತಿರುಗಿಕೊಂಡರು.

ವಾರದೊಳಗೆ ತಾಲ್ಲೂಕಿಗೆ ದೂರು ಹೋಯಿತು. ಮಕ್ಕಳಲ್ಲಿ ಜಾತಿ ವಿಷ ಬಿತ್ತುತ್ತಿದ್ದಾರೆ, ದಾನಿಗಳ ಮನೆತನಕ್ಕೆ ಕಳ್ಳರ ಪಟ್ಟ ಕಟ್ಟಿದ್ದಾರೆ, ಮಗುವಿಗೆ ಸುಳ್ಳು ಕತೆ ಹೇಳಿಕೊಟ್ಟು ಮನೆಯವರ ವಿರುದ್ಧವೇ ಹೇಳಿಸಿದ್ದಾರೆ ಎಂದು ಅದರಲ್ಲಿತ್ತು. ಊರಿನ ಅರ್ಧಕ್ಕರ್ಧ ಜನ ಸಹಿ ಹಾಕಿದ್ದರು. ದೂರು ನಿಜ ಎಂದಾದರೆ ಇಲ್ಲಿಂದ ಎತ್ತಿ ನಾಗಮಂಗಲ ತಾಲ್ಲೂಕಿನ ಆ ತುದಿಯ ಯಾವುದಾದರೂ ಸ್ಕೂಲಿಗೆ ಹಾಕುತ್ತಾರೆ ಎಂದು ಶಿವಶಂಕರ್ ಅವರು ಹೇಳಿದರು. ಹೇಳುವಾಗ ದನಿಯಲ್ಲಿ ಮರುಕವಿತ್ತು, ಕಣ್ಣಿನಲ್ಲಿರಲಿಲ್ಲ. ಸುಮ್ಮನೆ ಪ್ರಾರ್ಥನೆಯ ಹೊತ್ತಿನಲ್ಲಿ ಚಿಕ್ಕಸ್ವಾಮಿಯವರ ಎದುರಿಗೆ ತಪ್ಪಾಯಿತು ಎಂದುಬಿಡಿ, ಈ ಆಗಸ್ಟ್ ಹದಿನೈದಕ್ಕೆ ಆ ಕಲ್ಲಿಗೆ ನೀವೇ ಹಾರ ಹಾಕಿಬಿಡಿ, ಎಲ್ಲ ಮುಗಿದುಹೋಗುತ್ತದೆ ಎಂದೂ ಹೇಳಿದರು. ಕಲ್ಲಿಗೆ ಹಾರ ಹಾಕುವುದು ನಿಮ್ಮ ಕೆಲಸ, ನೀವೇ ಮಾಡಿಕೊಂಡು ಬಂದಿದ್ದೀರಿ, ನೀವೇ ಮುಂದುವರಿಸಿ ಎಂದು ಹೇಳಿ ಜಯಲಕ್ಷ್ಮಮ್ಮನವರು ಎದ್ದುಬಂದರು.

ಚಿಕ್ಕಸ್ವಾಮಿಗೆ ಹೆಚ್ಚು ಉರಿದದ್ದು ಇನ್ನೊಂದಕ್ಕೆ. ನಮ್ಮ ಜನವೇ ಆಗಿ ನಮ್ಮ ಮನೆಯ ಮಾನ ಕಳೆಯಲು ನಿಂತಿದ್ದಾಳಲ್ಲ ಎಂದು ಡೈರಿಯ ಮುಂದೆ, ಅರಳಿಕಟ್ಟೆಯ ಮೇಲೆ, ಕಂಡಕಂಡವರ ಹತ್ತಿರ ಹೇಳಿಕೊಂಡು ತಿರುಗಿದ. ಮಿಸ್ಸು ಬಸ್ಸಿನಿಂದ ಇಳಿದು ನಡೆದು ಬರುವಾಗ ಜಗಲಿಗಳ ಮೇಲಿನ ಮಾತು ಗಕ್ಕನೆ ನಿಲ್ಲುತ್ತಿತ್ತು. ಬೆನ್ನ ಹಿಂದೆ ಮತ್ತೆ ಶುರುವಾಗುತ್ತಿತ್ತು. ಜಯಲಕ್ಷ್ಮಮ್ಮನವರು ಬೇಕೆಂದೇ ನಿಧಾನವಾಗಿ ನಡೆಯುತ್ತಿದ್ದರು.

ಬೇರೆ ಯಾರು ಬೈದರೂ ಅವರಿಗೆ ನಾಟುತ್ತಿರಲಿಲ್ಲ. ನಾಟಿದ್ದು ದ್ಯಾವಯ್ಯ ಬಂದು ಬೈದದ್ದು. ತಮ್ಮ ಪರವಾಗಿ ಊರಿನಲ್ಲಿ ಒಬ್ಬನಾದರೂ ಇದ್ದಾನೆ ಎಂದರೆ ಅದು ಅವನೇ ಎಂದುಕೊಂಡಿದ್ದರು. ಅವನು ಒಂದು ಸಂಜೆ ಬಸ್ಸಿಗೆ ಕಾಯುತ್ತಿದ್ದ ಅವರ ಹತ್ತಿರ ಬಂದು, ಸುತ್ತ ನೋಡಿ, ದನಿ ತಗ್ಗಿಸಿ ಮಾತಾಡಿದ. ಎರಡು ದಿನದಿಂದ ಡೈರಿಯಲ್ಲಿ ಅವನ ಹಾಲಿಗೆ ನೀರು ಬೆರೆತಿದೆ ಎಂದು ವಾಪಸ್ ಕಳಿಸುತ್ತಿದ್ದರು.

“ಈ ಸುದ್ದಿ ನಮ್ಗೇನ್ ಒಸದಾ ಮಿಸ್ಸಮ್ಮ? ನಮ್ಮ ಕೇರೀಲಿ ಕೂಸ್ಗೂ ಗೊತ್ತು. ಗೊತ್ತಿದ್ದೂ ಬಾಯ್ ಮುಚ್ಕಂಡಿದ್ದೀವಿ ಅಂದ್ರೆ ಸುಮ್ಸುಮ್ಕೆ ಮುಚ್ಕಂಡಿಲ್ಲ. ನೀವು ಸಂದೆಗೆ ಬಸ್ಸತ್ಕಂಡು ಪಟ್ಣಕ್ಕೆ ಒಂಟೋಯ್ತೀರಿ. ಇಲ್ಲಿ ಬಾಳಬೇಕಾದೋರು ನಾವು.”

ಮಕ್ಕಳಿಗೆ ನಿಜ ಗೊತ್ತಾಗಬೇಡವೇ ದ್ಯಾವಯ್ಯ ಎಂದರು. ನಿಜ ಇಟ್ಟುಕೊಂಡು ಹಾಲು ಕಾಯಿಸುವುದಕ್ಕಾಗುತ್ತದಾ ಎಂದು ಕೇಳಿ ಅವನು ಹೋದ. ಬಸ್ಸಿನಲ್ಲಿ ಕೂತ ಜಯಲಕ್ಷ್ಮಮ್ಮನವರಿಗೆ ಪಾಂಡವಪುರ ಬರುವವರೆಗೂ ಸಿಟ್ಟು ಆರಲಿಲ್ಲ. ಅಂಜುಬುರುಕರು, ಎಲ್ಲರೂ ಅಂಜುಬುರುಕರು ಎಂದು ಮನಸ್ಸಿನಲ್ಲೇ ಬೈದುಕೊಂಡರು. ಅವನು ಹೇಳಿದ್ದರಲ್ಲಿ ಸುಳ್ಳೇನಿತ್ತು ಎಂದು ಯೋಚಿಸುವ ತಾಳ್ಮೆ ಆಗ ಇರಲಿಲ್ಲ.

ಆ ದಿನಗಳಲ್ಲಿ ರಮ್ಯ ಸ್ಕೂಲಿಗೆ ಬರುತ್ತಿದ್ದಳು, ಬಂದು ಸುಮ್ಮನೆ ಕೂತಿರುತ್ತಿದ್ದಳು. ಒಂದು ದಿನ ಅವಳ ಕೆನ್ನೆ ಊದಿತ್ತು. ಹಲ್ಲುನೋವು ಎಂದಳು. ಮಿಕ್ಕ ಯಾವ ಮಗು ಹಾಗೆ ಹೇಳಿದ್ದರೂ ಮಿಸ್ಸು ನಿನಗೆ ಹಲ್ಲುನೋವು ಬಂದದ್ದು ಹೇಗೆ ಎಂದು ಕೆದಕುತ್ತಿದ್ದರು. ಅವಳನ್ನು ಕೆದಕಲಿಲ್ಲ. ತಲೆಯ ತುಂಬ ತಮ್ಮದೇ ಜಗಳವಿತ್ತು.

ವಿಚಾರಣೆಗೆ ತಾಲ್ಲೂಕಿನಿಂದ ಶಿಕ್ಷಣ ಸಂಯೋಜಕರೊಬ್ಬರು ಬಂದರು. ಬೋಳುತಲೆಯ, ಮಿತಮಾತಿನ ಮನುಷ್ಯ. ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕರೆಸುವುದು ಬೇಡ, ಹೆದರುತ್ತವೆ, ಕ್ಲಾಸಿನಲ್ಲೇ ಕೇಳೋಣ ಎಂದರು. ಅವರು ಮಿಸ್ಸಿನ ಕುರ್ಚಿಯಲ್ಲಿ ಕೂತರು, ಪಕ್ಕದಲ್ಲಿ ಇನ್ನೊಂದು ಕುರ್ಚಿ ಹಾಕಿಸಿಕೊಂಡು ಚಿಕ್ಕಸ್ವಾಮಿ ಕೂತ, ಶಿವಶಂಕರ್ ಅವರು ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತರು. ಜಯಲಕ್ಷ್ಮಮ್ಮನವರಿಗೆ ಹಿಂದಿನ ಗೋಡೆಯ ಹತ್ತಿರ ನಿಲ್ಲುವಂತೆ, ಬಾಯಿ ತೆರೆಯದಂತೆ ಹೇಳಲಾಯಿತು. ಅವರು ನಿಂತರು. ಆ ಹೊತ್ತು ಅವರಿಗೆ ಹೆದರಿಕೆಯಾಯಿತು ಎನ್ನುವುದನ್ನು ಹೇಳಿಬಿಡಬೇಕು. ನಾಗಮಂಗಲದ ದಾರಿ, ಮಂಡಿನೋವು, ಅದಕ್ಕಿಂತ ಹೆಚ್ಚಾಗಿ ಅರ್ಧದಲ್ಲಿ ಬಿಟ್ಟುಹೋಗಬೇಕಾದ ಫ್ರಾನ್ಸು, ಎಲ್ಲವೂ ಒಟ್ಟಿಗೆ ಎದೆಯ ಮೇಲೆ ಬಂದು ಕೂತವು.

ಸಾಹೇಬರು ರಮ್ಯಳನ್ನು ಎಬ್ಬಿಸಿದರು. ನೀನು ಕ್ಲಾಸಿನಲ್ಲಿ ಹೇಳಿದ ಕತೆಯನ್ನು ನಿನಗೆ ಯಾರು ಹೇಳಿಕೊಟ್ಟರು ಎಂದು ಮೆತ್ತಗೆ ಕೇಳಿದರು. ಹುಡುಗಿ ಅಪ್ಪನನ್ನು ನೋಡಿದಳು. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದ. ಮಿಸ್ಸು ಹೇಳಿಕೊಟ್ಟರು ಎಂದಳು. ನಮ್ಮ ಮನೆಯವರು ಕಳ್ಳರು ಎಂದೂ ಮಿಸ್ಸು ಹೇಳಿದರು ಎಂದಳು. ಬಾಯಿಪಾಠ ಒಪ್ಪಿಸಿದ ಹಾಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು. ಶಿವಶಂಕರ್ ಅವರು ನಿಟ್ಟುಸಿರು ಬಿಟ್ಟರು, ಅದು ಸಮಾಧಾನದ್ದು. ಸಾಹೇಬರು ಬರೆದುಕೊಳ್ಳಲು ಶುರುಮಾಡಿದರು.

ಆಗ ಎರಡನೇ ಬೆಂಚಿನಿಂದ ಧನುಶ್ರೀ ಎದ್ದಳು. ಯಾರೂ ಅವಳನ್ನು ಎಬ್ಬಿಸಿರಲಿಲ್ಲ. ಅಪ್ಪ ಮನೆಯಲ್ಲಿ ಬಾಯಿ ಬಿಡಬೇಡ ಎಂದು ಗದರಿಸಿ ಕಳಿಸಿದ್ದ ಎನ್ನುವುದು ಆಮೇಲೆ ಗೊತ್ತಾಯಿತು.

“ನಿಂಗೆಂಗೆ ಗೊತ್ತು?” ಎಂದಳು. “ಮಿಸ್ಸು ಯಾವತ್ತು ಯೋಳುದ್ರು? ನಾವೆಲ್ಲ ಇಲ್ಲೇ ಇದ್ವಲ್ಲ, ನಮ್ಗ್ಯಾರ್ಗೂ ಕೇಳ್ನಿಲ್ವಲ್ಲ.”

ಯಾರಮ್ಮ ನೀನು, ಕೂತ್ಕೋ ಎಂದರು ಸಾಹೇಬರು. ಧನುಶ್ರೀ ಕೂತಳು. ಅವಳ ಕೆಲಸ ಮುಗಿದಿತ್ತು. ಕೂರದೆ ಉಳಿದವಳು ರಮ್ಯ. ಸಾಹೇಬರು ಅವಳಿಗೂ ಕೂತ್ಕೋ ಎಂದರು, ಅವಳು ಕೂರಲಿಲ್ಲ. ಕೂತ್ಕೊಳಮ್ಮಿ ಎಂದ ಚಿಕ್ಕಸ್ವಾಮಿ. ಅವಳಿಗೆ ಮಂಡಿ ಮಡಿಸುವುದೇ ಆಗುತ್ತಿಲ್ಲ ಎನ್ನುವ ಹಾಗಿತ್ತು. ಎರಡು ತಿಂಗಳಿನಿಂದ ದಿನಾ ಮಾಡಿದ್ದು ಅದನ್ನೇ, ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ ಆ ಕ್ಲಾಸಿನಲ್ಲಿ ಯಾರೂ ಕೂತದ್ದಿಲ್ಲ. ಕ್ಲಾಸಿನ ಅಷ್ಟೂ ಮಕ್ಕಳು ಅವಳನ್ನೇ ನೋಡುತ್ತಿದ್ದವು, ಒಬ್ಬರೂ ನಗುತ್ತಿರಲಿಲ್ಲ. ಜಯಲಕ್ಷ್ಮಮ್ಮನವರೂ ನೋಡುತ್ತಿದ್ದರು. ಒಂದು ಸಲ ತಲೆ ಅಲ್ಲಾಡಿಸಿ, ಬೇಡ, ಕೂತ್ಕೋ ಎಂದು ಅವರು ಸನ್ನೆ ಮಾಡಬಹುದಿತ್ತು. ಮಾಡಲಿಲ್ಲ.

“ಮಿಸ್ಸು ಹೇಳ್ಕೊಡ್ಲಿಲ್ಲ ಸಾರ್,” ಎಂದಳು ರಮ್ಯ. “ನಮ್ಮಜ್ಜಿ ಹೇಳಿದ್ದು. ಕಳ್ಳರು ಅಂತ ಯಾರೂ ಅಂದಿಲ್ಲ. ಇಂಗೆ ಹೇಳು ಅಂತ ಮನೇಲಿ ಹೇಳ್ಕೊಟ್ಟಿದ್ರು.”

ಇಷ್ಟು ಹೇಳಿ ಕೂತಳು. ಚಿಕ್ಕಸ್ವಾಮಿ ಎದ್ದು, ಮಗಳ ಬೆಂಚಿನ ಪಕ್ಕದಲ್ಲೇ ಹಾದು ಹೊರಗೆ ಹೋದ.

ದೂರಿನಲ್ಲಿ ಹುರುಳಿಲ್ಲ ಎಂದು ತಾಲ್ಲೂಕಿನವರು ಬರೆದರು. ಆ ಸಂಜೆ ಜಯಲಕ್ಷ್ಮಮ್ಮನವರು ಎಷ್ಟೋ ವರ್ಷದಲ್ಲಿ ಮೊದಲ ಸಲ ಟೀ ಅಂಗಡಿಯ ಮುಂದೆ ನಿಂತು ಟೀ ಕುಡಿದರು. ಅಂಗಡಿಯವನು ಮುಖ ಗಂಟಿಕ್ಕಿಕೊಂಡೇ ಕೊಟ್ಟ, ಅದೂ ರುಚಿಯಾಗಿಯೇ ಇತ್ತು. ಗೆದ್ದೆ ಎನ್ನುವ ಖುಷಿಯನ್ನು ಅವರು ಮುಚ್ಚಿಡಲಿಲ್ಲ. ಆ ಹುಡುಗಿಯನ್ನು ನೋಡಿ, ಹೇಗೆ ನಿಂತಳು, ಇದಕ್ಕೇ ಅಲ್ಲವೇ ಪಾಠ ಮಾಡುವುದು ಎಂದು ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದ ಹೆಂಗಸಿಗೂ ಹೇಳಿದರು.

ಸೋಮವಾರ ಜಾಗ ಬದಲಾಯಿಸುವಾಗ ರಮ್ಯಳ ನಂಬರು ಕೂಗಿದರೆ ಯಾರೂ ಏಳಲಿಲ್ಲ. ಕೆ.ಆರ್. ಪೇಟೆಯಲ್ಲಿ ಅವಳ ಸೋದರಮಾವನ ಮನೆಯಿದೆ, ಅಲ್ಲಿ ಯಾವುದೋ ಪ್ರೈವೇಟ್ ಸ್ಕೂಲಿಗೆ ಸೇರಿಸಿದ್ದಾರೆ, ಶನಿವಾರವೇ ಟಿ.ಸಿ. ತೆಗೆದುಕೊಂಡು ಹೋದರು ಎಂದು ಶಿವಶಂಕರ್ ಅವರು ಹೇಳಿದರು. ನನ್ನನ್ನು ಒಂದು ಮಾತು ಕೇಳದೆ ಹೇಗೆ ಕೊಟ್ಟಿರಿ ಎಂದು ಜಯಲಕ್ಷ್ಮಮ್ಮನವರು ಆಫೀಸು ರೂಮು ಎಗರಿಹೋಗುವಂತೆ ಕೂಗಾಡಿದರು. ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಳ್ಳುತ್ತಾ, ನಿಮಗೆ ಬೇಕಾದ್ದು ಸಿಕ್ಕಿತಲ್ಲ ಮೇಡಂ, ನೀವೇ ಗೆದ್ದಿರಲ್ಲ, ಇನ್ನು ಯಾಕೆ ಎಂದರು. ಅದು ಕುಹಕವೋ ಅಲ್ಲವೋ, ಅವರಿಗೆ ತಿಳಿಯಲಿಲ್ಲ.

ಆವತ್ತೇ ಸಂಜೆ ಚಿಕ್ಕಸ್ವಾಮಿಯ ಮನೆಗೆ ಹೋದರು. ಚಿಕ್ಕಸ್ವಾಮಿ ಒಳಗಿದ್ದೂ ಹೊರಗೆ ಬರಲಿಲ್ಲ. ಜಗಲಿಯ ಮೇಲೆ ಚಿಕ್ಕಬೋರಮ್ಮ ಒಬ್ಬಳೇ ಕೂತಿದ್ದಳು. ಆವತ್ತಿನಿಂದ ಮಗ ತನ್ನ ಹತ್ತಿರ ಮಾತು ಬಿಟ್ಟಿದ್ದಾನೆ, ಸೊಸೆ ತಟ್ಟೆ ಇಟ್ಟು ಹೋಗುತ್ತಾಳೆ ಅಷ್ಟೇ ಎಂದಳು. ಕೂರು ಎನ್ನಲಿಲ್ಲ. ಮೊಮ್ಮಗಳು ಕೇಳಿದಳು, ಮನೆಯ ಮಾತು ಮನೆಯಲ್ಲಿ ಹೇಳಿದೆ, ಅದನ್ನು ಬೀದಿಗೆ ಎಳೆದವಳು ನೀನು, ನನ್ನ ಮಗು ಪರಸ್ಥಳ ಸೇರಿತು, ಇನ್ನೊಂದು ಸಲ ಈ ಮೆಟ್ಟಿಲು ತುಳಿಯಬೇಡ ಎಂದಳು. ಜಯಲಕ್ಷ್ಮಮ್ಮನವರು ಅದುವರೆಗೆ ಯಾರಿಗೂ ಬಾಕಿ ಉಳಿಸಿಕೊಂಡವರಲ್ಲ. ಆವತ್ತು ಸೀದಾ ಬಸ್ಸಿನ ಕಡೆಗೆ ತಿರುಗಿ ನಡೆದರು.

ಇಟಲಿ ಜರ್ಮನಿಗಳು ಒಂದಾದದ್ದನ್ನು ಆ ವರ್ಷ ಅವರೇ ಮುಗಿಸಿದರು. ಕಟ್ಟುಪಾಡುಗಳು ಹಾಗೇ ಇದ್ದವು, ಮಕ್ಕಳು ಪಾಲಿಸುತ್ತಿದ್ದವು. ಆದರೆ ‘ನಿನಗೆ ಹೇಗೆ ಗೊತ್ತು’ ಎಂದು ಯಾರಾದರೂ ಕೇಳುವಾಗ ಈಗ ಒಂದು ಕ್ಷಣ ಬಾಗಿಲ ಕಡೆ ನೋಡಿ ಕೇಳುತ್ತಿದ್ದವು. ಧನುಶ್ರೀ ಕೇಳುವುದನ್ನೇ ಬಿಟ್ಟಿದ್ದಳು. ಗೇಟಿನ ಕಲ್ಲು ಅಲ್ಲೇ ಇತ್ತು, ಆಗಸ್ಟ್ ಹದಿನೈದಕ್ಕೆ ಹಾರವೂ ಬಿದ್ದಿತ್ತು.

ಅದೇ ವರ್ಷ ದಸರಾ ರಜೆ ಮುಗಿದ ಮೇಲೆ ಒಂದು ದಿನ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ ರಮ್ಯ ಸಿಕ್ಕಿದಳು. ಟೈ ಕಟ್ಟಿ, ಬೂಟು ಹಾಕಿಕೊಂಡು, ಬ್ಯಾಗು ತಬ್ಬಿಕೊಂಡು ಕೆ.ಆರ್. ಪೇಟೆಯ ಬಸ್ಸಿಗೆ ಕಾಯುತ್ತಿದ್ದಳು. ಮಾವ ಹಣ್ಣು ತರಲು ಹೋಗಿದ್ದ. ಜಯಲಕ್ಷ್ಮಮ್ಮನವರು ಓಡಿದಂತೆಯೇ ಹತ್ತಿರ ಹೋದರು. ಹುಡುಗಿ ನಮಸ್ತೆ ಎಂದಳು, ನಗಲಿಲ್ಲ. ಮುಖ ಸೊರಗಿತ್ತು. ಹೇಗಿದೆ ಸ್ಕೂಲು, ಹಿಸ್ಟರಿ ಯಾರು ಮಾಡ್ತಾರೆ ಎಂದು ಕೇಳಿದರು. ಬೇರೇನು ಕೇಳಬೇಕೋ ತಿಳಿಯದೆ ಅದನ್ನೇ ಕೇಳಿದರು.

ಸೇರಿದ ವಾರವೇ ಹಿಸ್ಟರಿ ಸಾರನ್ನು ನಿಮಗೆ ಹೇಗೆ ಗೊತ್ತು ಸಾರ್ ಎಂದು ಕೇಳಿದೆ ಎಂದಳು ರಮ್ಯ. ಅವರು ಆಫೀಸಿಗೆ ಕಳಿಸಿದರು. ಆಫೀಸಿನಿಂದ ಅಪ್ಪನಿಗೆ ಫೋನ್ ಹೋಯಿತು. ಅಪ್ಪ ಬಂದು ಅಲ್ಲೇ, ಎಲ್ಲರ ಎದುರಿಗೆ ಬೆಲ್ಟ್ ಬಿಚ್ಚಿದ. ಈಗ ನಾನು ಏನೂ ಕೇಳುವುದಿಲ್ಲ, ಗೈಡಿನಲ್ಲಿ ಇದ್ದದ್ದನ್ನು ಬರೆಯುತ್ತೇನೆ, ಮಾರ್ಕ್ಸ್ ಚೆನ್ನಾಗಿ ಬರುತ್ತಿದೆ ಎಂದಳು. ಬೇರೆ ಯಾರದೋ ವಿಷಯ ಹೇಳುವ ಹಾಗೆ ಹೇಳಿದಳು. ಬಸ್ಸು ಬಂದು ನಿಂತಿತು, ಜನ ನುಗ್ಗಿದರು. ಮಾವ ದೂರದಿಂದ ಅವಳನ್ನು ಕೂಗಿದ. ಅವಳು ಹೆಜ್ಜೆ ಎತ್ತಿಟ್ಟವಳು ತಿರುಗಿ ನಿಂತಳು.

“ಆ ರೂಲ್ಸೆಲ್ಲ ನಿಮ್ಮ ಕ್ಲಾಸಲ್ಲಿ ಮಾತ್ರ ನಡೀತದೆ ಅಂತ ಯಾಕ್ ಮಿಸ್ ಮೊದ್ಲೇ ಹೇಳ್ಲಿಲ್ಲ?”

“ಇಂಗಾಯ್ತದೆ ಅಂತ ನಂಗೂ ಗೊತ್ತಿರ್ಲಿಲ್ಲ ಕಣವ್ವ.”

“ಸುಳ್ಳು ಮಿಸ್ ಅದು,” ಎಂದಳು ರಮ್ಯ. “ನಿಮ್ಗೆ ಗೊತ್ತಿತ್ತು.”

ನಿನಗೆ ಹೇಗೆ ಗೊತ್ತು ಎಂದು ಅವರು ಕೇಳಲಿಲ್ಲ. ಹುಡುಗಿ ಬಸ್ಸು ಹತ್ತಿ ಆ ಕಡೆಯ ಕಿಟಕಿಯ ಹತ್ತಿರ ಹೋಗಿ ಕೂತಳು.